ಕತ್ತರಿ, ಅಂಟು, ಒಗಟು: ಇಬ್ಬರು ಕೂತು ಆಡುವ ಕೊಲಾಜ್

‘ಹಸಿರು ಗಿಡದ ಮೇಲೆ ಮೊಸರು ಚೆಲ್ಲಿದೆ’ ಅಂದರೆ ಮಲ್ಲಿಗೆ. ‘ನೀಲಿ ಕೆರೆಯಲ್ಲಿ ಬಿಳಿ ಮೀನು’ ಅಂದರೆ ಆಕಾಶದ ಚುಕ್ಕಿ. ಇಂಥ ಒಗಟು ಕೇಳಿ ಬೆಳೆದವರಿಗೆ ಕೊಲಾಜ್, ಅಂದರೆ ಕಾಗದದ ತುಂಡುಗಳನ್ನು ಅಂಟಿಸಿ ಚಿತ್ರ ಮಾಡುವುದು, ಹೊಸದೇನಲ್ಲ. ಗಿಡ ಗಿಡವಾಗಿಯೇ ಇದೆ, ಮೊಸರು ಮೊಸರಾಗಿಯೇ ಇದೆ. ಮೊಸರಿನ ಜಾಗ ಮಾತ್ರ ಬದಲಾಗಿದೆ. ಅಷ್ಟಕ್ಕೇ ಕೇಳಿದವರು ಒಂದು ಗಳಿಗೆ ತಬ್ಬಿಬ್ಬಾಗಿ ಆಮೇಲೆ ನಗುತ್ತಾರೆ. ಮುಂದೆಂದೋ ಮಲ್ಲಿಗೆ ಬಳ್ಳಿ ಕಂಡಾಗ ಮೊಸರು ನೆನಪಾಗುತ್ತದೆ. ತಮಾಷೆಯ ಕೊಲಾಜ್ ಮಾಡುವ ಕೆಲಸವೂ ಇದೇ, ಬಾಯಿಮಾತಿನ ಬದಲು ಕಾಗದದಲ್ಲಿ.

ಒಗಟಿಗೆ ಹೇಳುವವರು ಒಬ್ಬರು, ಬಿಡಿಸುವವರು ಇನ್ನೊಬ್ಬರು ಬೇಕು. ಕೊಲಾಜನ್ನೂ ಹಾಗೆ ಇಬ್ಬರು ಕೂತು ಮಾಡಿದರೆ ಅದರ ರುಚಿಯೇ ಬೇರೆ. ಅಜ್ಜಿ ಮೊಮ್ಮಗ, ಹಳೆಯ ಗೆಳತಿಯರು, ಈಚೆಗೆ ಮಾತು ಕಡಿಮೆಯಾದ ಅಪ್ಪ ಮಗಳು, ಯಾರಾದರೂ ಸರಿ. ಚಿತ್ರ ಬರೆಯಲು ಬರಬೇಕೆಂದಿಲ್ಲ. ಇಲ್ಲಿ ಕೊಟ್ಟಿರುವ ಅಳತೆಗಳು ಎ5 ಹಾಳೆಗೆ, ಅಂದರೆ 148 × 210 ಮಿ.ಮೀ.ಗೆ. ಮೊದಲ ಸಲ ಇದಕ್ಕಿಂತ ದೊಡ್ಡದು ಬೇಡ. ದೊಡ್ಡ ಹಾಳೆಯಲ್ಲಿ ಖಾಲಿ ಜಾಗ ತುಂಬುವುದೇ ಕೆಲಸವಾಗಿ, ಆಟ ಮರೆತುಹೋಗುತ್ತದೆ.

ಕಾಗದ ಕೂಡಿಡುವುದು

ಅಂಗಡಿಗೆ ಹೋಗುವ ಮೊದಲು ಮನೆಯ ಅಟ್ಟ ನೋಡಿ. ಮದುವೆ ಆಮಂತ್ರಣ, ಹಳೆಯ ಕ್ಯಾಲೆಂಡರ್, ವಾರಪತ್ರಿಕೆ, ಊದುಬತ್ತಿ ಡಬ್ಬಿ, ಬೆಂಕಿಪೊಟ್ಟಣದ ಲೇಬಲ್, ಮಕ್ಕಳ ಹಳೆಯ ಅಟ್ಲಾಸ್, ಸೀರೆ ಪೆಟ್ಟಿಗೆಯೊಳಗಿನ ಬಣ್ಣದ ಕಾಗದ, ಕಂದು ಬಣ್ಣದ ಕಚೇರಿ ಲಕೋಟೆ, ಕಳೆದ ವರ್ಷದ ಪಂಚಾಂಗ ಇಷ್ಟಿದ್ದರೆ ಹತ್ತು ಚಿತ್ರಕ್ಕೆ ಸಾಕು. ಆಮಂತ್ರಣದ ದಪ್ಪ ರಟ್ಟು ಬುಡದ ಹಾಳೆಗೆ ಬಹಳ ಒಳ್ಳೆಯದು. ಅದು ಇಲ್ಲದಿದ್ದರೆ 300 ಜಿಎಸ್‌ಎಂ ಡ್ರಾಯಿಂಗ್ ಶೀಟ್ ತನ್ನಿ (ಜಿಎಸ್‌ಎಂ ಅಂದರೆ ಒಂದು ಚದರ ಮೀಟರ್ ಕಾಗದದ ತೂಕ, ಗ್ರಾಮಿನಲ್ಲಿ). ಜೆರಾಕ್ಸ್‌ಗೆ ಬಳಸುವ 75 ಜಿಎಸ್‌ಎಂ ಹಾಳೆ ಬುಡಕ್ಕೆ ಆಗದು; ಅಂಟಿನ ನೀರು ಕುಡಿದು ಹಪ್ಪಳದಂತೆ ಸುರುಳಿಯಾಗುತ್ತದೆ.

ಕೆಲವು ಕಾಗದಗಳನ್ನು ಮೊದಲೇ ಬದಿಗಿಡಿ. ಅಂಗಡಿ ಬಿಲ್ಲು, ಯಂತ್ರದಲ್ಲಿ ಬರುವ ಬಸ್ ಟಿಕೆಟ್ ಥರ್ಮಲ್ ಕಾಗದ. ಅದರ ಮೇಲೆ ಮಸಿ ಇಲ್ಲ, ಬಿಸಿಗೆ ಕಪ್ಪಾಗುವ ಲೇಪ ಮಾತ್ರ ಇದೆ. ಕೆಲವೇ ತಿಂಗಳಲ್ಲಿ ಅಕ್ಷರ ಮಾಸುತ್ತದೆ, ಬಿಸಿ ತಗುಲಿದರೆ ಇಡೀ ತುಂಡು ಕಪ್ಪಾಗುತ್ತದೆ. ಬಿಸ್ಕತ್ತು, ಚಿಪ್ಸ್ ಹೊದಿಕೆ ಪ್ಲಾಸ್ಟಿಕ್. ಮೂಲೆ ಹರಿದು ನೋಡಿ, ಹರಿಯದೆ ಎಳೆದುಕೊಂಡರೆ ನೀರಿನ ಅಂಟು ಅದಕ್ಕೆ ಹಿಡಿಯದು, ಎರಡು ಬದಿ ಅಂಟಿನ ಟೇಪ್ ಬೇಕು. ದಿನಪತ್ರಿಕೆಯ ಕಾಗದವನ್ನು ಬಳಸಬಹುದು, ಆದರೆ ಮರದ ತಿರುಳಿನಲ್ಲಿ ಉಳಿದಿರುವ ಲಿಗ್ನಿನ್‌ನಿಂದಾಗಿ ಬೆಳಕು ಗಾಳಿಗೆ ಹಳದಿಯಾಗುತ್ತದೆ. ಹಳದಿಯಾದರೂ ಚೆಂದ ಕಾಣುವ ಕಡೆ ಮಾತ್ರ ಅದನ್ನು ಹಾಕಿ: ನೆಲ, ಗೋಡೆ, ಹಳೆಯ ಕೋಟು.

ಮನೆಯ ಹಳೆಯ ಫೋಟೊಗಳಿಗೆ ಕತ್ತರಿ ಹಾಕಲೇಬೇಡಿ. ಪ್ರತಿ ತೆಗೆಸಿ, ಅದೂ ಲೇಸರ್ ಪ್ರಿಂಟರಿನಲ್ಲಿ. ಇಂಕ್‌ಜೆಟ್ ಮಸಿ ಅಂಟಿನ ತೇವಕ್ಕೆ ಕರಗಿ ಮುಖದ ಮೇಲೆ ಹರಿಯುತ್ತದೆ. ಲೇಸರಿನ ಟೋನರ್ ಪುಡಿ ಬಿಸಿಗೆ ಕರಗಿ ಕಾಗದಕ್ಕೆ ಕಚ್ಚಿಕೊಂಡಿರುವುದರಿಂದ ಅಲುಗದು. ಆಮಂತ್ರಣ, ಕ್ಯಾಲೆಂಡರಿನ ದೇವರ ಚಿತ್ರಗಳನ್ನು ಏನು ಮಾಡಬೇಕೆಂದು ಜೊತೆಗೆ ಕೂತವರನ್ನು ಕೇಳಿ. ಅದನ್ನು ಕತ್ತರಿಸಲು ಹಿರಿಯರಿಗೆ ಮನಸ್ಸಿಲ್ಲದಿದ್ದರೆ ಆ ಹಾಳೆಗಳನ್ನು ಎತ್ತಿಟ್ಟುಬಿಡಿ. ಒಬ್ಬರಿಗೆ ನೋವಾಗುವ ತುಂಡು ಮೇಜಿನ ಮೇಲಿದ್ದರೆ ಆಟ ಅಲ್ಲಿಗೇ ನಿಲ್ಲುತ್ತದೆ.

ಕೂಡಿಟ್ಟ ತುಂಡುಗಳನ್ನು ವಿಂಗಡಿಸುವ ಕ್ರಮ ತುಂಬ ಮುಖ್ಯ. ಹೆಚ್ಚಿನವರು ‘ಪ್ರಾಣಿ’, ‘ಹೂ’, ‘ತಿಂಡಿ’, ‘ವಾಹನ’ ಎಂದು ಬೇರೆ ಮಾಡುತ್ತಾರೆ. ಹೀಗೆ ಮಾಡಿದರೆ ಆನೆಯ ಪಕ್ಕಕ್ಕೆ ಕಾಡೇ ಕೈಗೆ ಬರುತ್ತದೆ, ಬೆರಗು ಬರುವುದಿಲ್ಲ. ವಸ್ತು ನೋಡಬೇಡಿ, ಆಕಾರ ನೋಡಿ. ಆರು ಲಕೋಟೆ ತೆಗೆದುಕೊಂಡು ಮೇಲೆ ಹೀಗೆ ಬರೆಯಿರಿ: ದುಂಡನೆಯವು, ಉದ್ದನೆಯವು, ಕಾಲುಳ್ಳವು, ಬಾಯಿಯುಳ್ಳವು, ಹಿನ್ನೆಲೆ, ಅಕ್ಷರ. ಈಗ ಇಡ್ಲಿ, ಚಂದ್ರ, ಗಡಿಯಾರ, ಚಕ್ರ, ಕುಂಕುಮದ ಬೊಟ್ಟು ಒಂದೇ ಲಕೋಟೆಯಲ್ಲಿ ಇರುತ್ತವೆ. ಬೈಸಿಕಲ್ಲಿಗೆ ಚಕ್ರ ಹುಡುಕುವ ಕೈಗೆ ಇಡ್ಲಿ ಸಿಗುತ್ತದೆ. ಕುರ್ಚಿ, ಕೊಕ್ಕರೆ, ಒನಕೆ ಹಿಡಿದ ಹೆಂಗಸು ‘ಕಾಲುಳ್ಳವು’ಗಳಲ್ಲಿ ಜೊತೆಯಾಗುತ್ತಾರೆ. ‘ಬಾಯಿಯುಳ್ಳವು’ ಎಂದರೆ ಹುಲಿಯೂ ಹೌದು, ಕೊಡವೂ ಹೌದು, ಅಂಚೆಪೆಟ್ಟಿಗೆಯೂ ಹೌದು. ಒಗಟು ಕಟ್ಟಿದವರು ಮಲ್ಲಿಗೆಯನ್ನೂ ಮೊಸರನ್ನೂ ಇಟ್ಟಿದ್ದು ಇಂಥ ಒಂದು ಲಕೋಟೆಯಲ್ಲೇ.

ಅಂಟು

ಮೂರು ಬಗೆ ಸಾಕು. ದಿನಪತ್ರಿಕೆಯಂಥ ತೆಳುವಾದ ಕಾಗದಕ್ಕೆ ಅಂಟಿನ ಕಡ್ಡಿ (ಗ್ಲೂ ಸ್ಟಿಕ್). ಕ್ಯಾಲೆಂಡರ್, ವಾರಪತ್ರಿಕೆಯ ಕಾಗದಕ್ಕೆ ಫೆವಿಕಾಲ್‌ನಂಥ ಬಿಳಿ ಅಂಟು, 3 ಭಾಗಕ್ಕೆ 1 ಭಾಗ ನೀರು ಬೆರೆಸಿ. ಮಕ್ಕಳು ಇದ್ದರೆ, ಅಥವಾ ಇಡೀ ಹಾಳೆ ಹಿನ್ನೆಲೆಯಾಗಿ ಅಂಟಿಸಬೇಕಿದ್ದರೆ, ಮೈದಾ ಅಂಟು.

ಮೈದಾ ಅಂಟಿಗೆ 2 ದೊಡ್ಡ ಚಮಚ ಮೈದಾ, 150 ಮಿ.ಲೀ. ನೀರು. ಮೊದಲು 50 ಮಿ.ಲೀ. ತಣ್ಣೀರಿನಲ್ಲಿ ಮೈದಾ ಕದಡಿ, ಗಂಟು ಒಂದೂ ಉಳಿಯಬಾರದು. ಉಳಿದ ನೀರು ಸೇರಿಸಿ ಸಣ್ಣ ಉರಿಯಲ್ಲಿ ಕೈ ಬಿಡದೆ ತಿರುವಿ. 4–5 ನಿಮಿಷಕ್ಕೆ ಸುಣ್ಣದ ನೀರಿನಂತಿದ್ದದ್ದು ಗಂಜಿಯಂತೆ ಪಾರದರ್ಶಕವಾಗಿ, ಚಮಚದಿಂದ ದಪ್ಪ ಧಾರೆಯಾಗಿ ಇಳಿಯುತ್ತದೆ. ಆಗ ಒಲೆ ಆರಿಸಿ, ಟೀ ಸೋಸುವ ಜರಡಿಯಲ್ಲಿ ಸೋಸಿ, ಪೂರ್ತಿ ತಣ್ಣಗಾದ ಮೇಲೆ ಬಳಸಿ. ಬಿಸಿ ಇರುವಾಗ ಹಚ್ಚಿದರೆ ಕಾಗದ ಕೂಡಲೇ ಮೆತ್ತಗಾಗಿ ಹರಿಯುತ್ತದೆ. ಹೊರಗಿಟ್ಟರೆ ಒಂದು ದಿನ, ಫ್ರಿಜ್ಜಿನಲ್ಲಿ 4 ದಿನ ಬರುತ್ತದೆ. ಹುಳಿ ವಾಸನೆ ಬಂದರೆ ಚೆಲ್ಲಿ. ಪುಸ್ತಕ ಕಟ್ಟುವವರು ಹುಳ ಹಿಡಿಯದಿರಲೆಂದು ಇಂಥ ಅಂಟಿಗೆ ಮೈಲುತುತ್ತ ಹಾಕುವುದುಂಟು. ಮೈಲುತುತ್ತ ವಿಷ. ಮನೆಯ ಆಟಕ್ಕೆ, ಅದರಲ್ಲೂ ಮಕ್ಕಳ ಕೈಗೆ, ಅದು ಸಲ್ಲದು. ಹುಳ ಬಾರದಿರಲು ಚಿತ್ರವನ್ನು ಒಣಗಿದ ಜಾಗದಲ್ಲಿ ಇಟ್ಟರೆ ಸಾಕು.

ಎಲ್ಲರೂ ಎದುರಿಸುವ ತೊಂದರೆ ಒಂದೇ: ಅಂಟಿಸಿದ ಹತ್ತು ನಿಮಿಷಕ್ಕೆ ಕಾಗದದಲ್ಲಿ ಗುಳ್ಳೆ, ನೆರಿಗೆ. ಇದಕ್ಕೆ ಕಾರಣ ಅಂಟು ಕಡಿಮೆಯಾದದ್ದಲ್ಲ. ಕಾಗದದ ನಾರು ನೀರು ಕುಡಿದು ಅಗಲವಾಗುತ್ತದೆ. ಅಗಲವಾಗುವ ಮೊದಲೇ ನಾವು ಅದನ್ನು ಒತ್ತಿ ಕೂರಿಸಿದರೆ, ಕೂತ ಜಾಗದಲ್ಲೇ ಹಿಗ್ಗಲು ಹೋಗಿ ಉಬ್ಬುತ್ತದೆ. ತುಂಡಿನ ಹಿಂಬದಿಗೆ ಅಂಟು ಹಚ್ಚಿ 30–40 ಸೆಕೆಂಡು ಸುಮ್ಮನೆ ಬಿಡಿ. ತುಂಡು ಮೊದಲು ಸುರುಳಿಯಾಗಿ, ಮತ್ತೆ ಚಪ್ಪಟೆಯಾಗುತ್ತದೆ. ಆಗ ಎತ್ತಿ ಇಡಿ. ಮೇಲೊಂದು ಬಟರ್ ಪೇಪರ್ ಹಾಸಿ ಸ್ಟೀಲ್ ಚಮಚದ ಬೆನ್ನಿನಿಂದ ನಡುವಿನಿಂದ ಅಂಚಿಗೆ ಉಜ್ಜಿ. ಬೆರಳಿನಿಂದ ನೇರ ಉಜ್ಜಿದರೆ ನೆನೆದ ಮಸಿ ಬಳಿದುಕೊಳ್ಳುತ್ತದೆ.

ಒಂದೇ ಬದಿಗೆ ಕಾಗದ ಅಂಟಿಸಿದ ರಟ್ಟು ಒಣಗುವಾಗ ಆ ಬದಿಗೆ ಬಾಗುವುದು ಸಹಜ. ಹಿಂಬದಿಗೂ ಒಂದು ಹಾಳೆಯನ್ನು ಅದೇ ಅಂಟಿನಲ್ಲಿ, ನಾರಿನ ದಿಕ್ಕು ಒಂದೇ ಇರುವಂತೆ ಅಂಟಿಸಿದರೆ ಎರಡೂ ಬದಿಯ ಎಳೆತ ಸಮವಾಗುತ್ತದೆ. ನಾರಿನ ದಿಕ್ಕು ತಿಳಿಯಲು ಆ ಕಾಗದದ ಚೂರೊಂದನ್ನು ಉದ್ದಕ್ಕೂ ಅಡ್ಡಕ್ಕೂ ಹರಿದು ನೋಡಿ. ನೇರವಾಗಿ ಹರಿದ ಕಡೆಯೇ ನಾರು ಓಡುತ್ತಿರುವ ದಿಕ್ಕು.

ಕತ್ತರಿ ಹಿಡಿಯುವುದು, ಹರಿಯುವುದು

ಎರಡು ಕತ್ತರಿ ಬೇಕು: ದೊಡ್ಡದು ಸುತ್ತಲಿನ ಕಾಗದ ತೆಗೆಯಲು, ಚೂಪು ಮೂತಿಯ ಸಣ್ಣದು ಆಕಾರ ಬಿಡಿಸಲು. ಜೊತೆಗೆ 9 ಮಿ.ಮೀ. ಅಲಗಿನ ಕಟರ್, ಕೆಳಗೆ ಹಾಸಲು ಹಳೆಯ ರಟ್ಟು. ಕಟರ್ ದೊಡ್ಡವರ ಕೈಯಲ್ಲೇ ಇರಲಿ.

ಮೊದಲು ಒಳಗಿನ ಸಂದು ಕತ್ತರಿಸಿ, ಆಮೇಲೆ ಹೊರಗಿನ ಗೆರೆ. ಸೊಂಟದ ಮೇಲೆ ಕೈಯಿಟ್ಟು ನಿಂತ ಹೆಂಗಸಿನ ಚಿತ್ರವಿದ್ದರೆ ಕೈ ಮತ್ತು ಸೊಂಟದ ನಡುವಿನ ತ್ರಿಕೋನವನ್ನು ಮೊದಲು ಕಟರಿನಿಂದ ತೆಗೆಯಬೇಕು. ಹೊರಗೆರೆ ಮುಗಿದ ಮೇಲೆ ಹೋದರೆ ತೆಳ್ಳನೆಯ ಕೈ ಮುರಿಯುತ್ತದೆ. ಕತ್ತರಿ ಹಿಡಿದ ಕೈ ಅಲುಗದೆ, ಕಾಗದ ಹಿಡಿದ ಕೈ ತಿರುಗಬೇಕು. ದುಂಡಗೆ ಬರುವುದು ಹಾಗೆಯೇ. ಗೆರೆಯ ಮೇಲೆಯೇ ಕತ್ತರಿಸಲು ಹೋಗಬೇಡಿ, ಅರ್ಧ ಮಿ.ಮೀ. ಒಳಗೆ ಹೋಗಿ. ಹೊರಗೆ ಉಳಿದ ಕೂದಲೆಳೆಯಷ್ಟು ಬಿಳಿ ಕೂಡ ‘ಇದು ಅಂಟಿಸಿದ್ದು’ ಎಂದು ಕೂಗಿ ಹೇಳುತ್ತದೆ. ದಪ್ಪ ಕಾಗದದ ಬಿಳಿ ಅಂಚಿಗೆ ಅದೇ ಬಣ್ಣದ ಪೆನ್ಸಿಲನ್ನು ಹಿಂಬದಿಯಿಂದ ಒರೆದರೆ ಅಂಚು ಮಾಯವಾಗುತ್ತದೆ.

ಮೋಡ, ಬೆಟ್ಟ, ಹುಲ್ಲು, ನೀರಿನ ಅಲೆಗೆ ಕತ್ತರಿ ಬೇಡ, ಹರಿಯಿರಿ. ಬಣ್ಣದ ಕಾಗದ ಹರಿದಾಗ ಒಂದು ತುಂಡಿಗೆ ಬಿಳಿ ಅಂಚು ಬರುತ್ತದೆ, ಇನ್ನೊಂದಕ್ಕೆ ಬರುವುದಿಲ್ಲ. ಎಳೆಯುವ ದಿಕ್ಕು ಬದಲಿಸಿದರೆ ಅದೂ ತಿರುವುಮುರುವಾಗುತ್ತದೆ. ಚೂರಿನ ಮೇಲೆ ಎರಡು ಸಲ ಹರಿದು ನೋಡಿಕೊಳ್ಳಿ. ಅಲೆಯ ತುದಿಗೆ ಬಿಳಿ ಅಂಚು ನೊರೆಯಾಗುತ್ತದೆ. ಬೆಟ್ಟಕ್ಕೆ ಅದೇ ಬಿಳಿ ಇದ್ದರೆ ಮಂಜು. ಕೈ ನಡುಗುವ ಹಿರಿಯರಿಗೂ ಆರು ವರ್ಷದೊಳಗಿನ ಮಕ್ಕಳಿಗೂ ಹರಿಯುವ ಕೆಲಸ ಕೊಡಿ. ಅದು ಕಡಿಮೆ ಕೆಲಸವಲ್ಲ, ಚಿತ್ರದ ಅರ್ಧ ಜೀವ ಹರಿದ ಅಂಚಿನಲ್ಲಿರುತ್ತದೆ.

ವಯಸ್ಸಾಯಿತು, ಕಣ್ಣು ಮಂಜು ಎಂದು ಹಿಂದೆ ಸರಿಯುವವರಿಗೆ ಇಬ್ಬರ ಸಂಗತಿ ಹೇಳಬಹುದು. ಇಂಗ್ಲೆಂಡಿನ ಮೇರಿ ಡೆಲಾನಿ ಕಾಗದ ಕತ್ತರಿಸಿ ಹೂಗಳನ್ನು ಮಾಡಲು ಶುರುಮಾಡಿದ್ದು 72ನೇ ವಯಸ್ಸಿನಲ್ಲಿ. ಹತ್ತು ವರ್ಷದಲ್ಲಿ ಸಾವಿರಕ್ಕೆ ಹತ್ತಿರ ಹೂಗಳಾದವು, ಅವು ಇಂದು ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿವೆ. ಶಾಂತಿನಿಕೇತನದ ಚಿತ್ರಕಾರ ಬಿನೋದ್ ಬಿಹಾರಿ ಮುಖರ್ಜಿ 1957ರಲ್ಲಿ ದೃಷ್ಟಿ ಪೂರ್ತಿ ಕಳೆದುಕೊಂಡ ಮೇಲೆ ಬಣ್ಣದ ಕಾಗದ ಕತ್ತರಿಸಿ ಅಂಟಿಸಿ ಚಿತ್ರ ಮಾಡಿದರು. ಬೆರಳಿಗೆ ಅಂಚು ತಿಳಿಯುತ್ತದೆ. ಕುಂಚದ ಗೆರೆ ತಿಳಿಯದು.

ಒಂದೇ ಸುಳ್ಳು

ತಮಾಷೆಯ ಚಿತ್ರ ಮಾಡುವಾಗ ಕೈಗೆ ಸಿಕ್ಕಿದ್ದೆಲ್ಲ ಹಾಕುವ ಆಸೆ ಬರುತ್ತದೆ. ಮೀನಿಗೆ ರೆಕ್ಕೆ, ಬಸ್ಸಿಗೆ ಕಾಲು, ಮರದಲ್ಲಿ ಪೂರಿ, ಎಲ್ಲರ ತಲೆಯೂ ಅದಲುಬದಲು. ನೋಡುವವರಿಗೆ ಯಾವುದೂ ವಿಚಿತ್ರ ಅನ್ನಿಸುವುದಿಲ್ಲ, ಯಾಕೆಂದರೆ ಹೋಲಿಸಿ ನೋಡಲು ನೆಟ್ಟಗಿರುವುದು ಒಂದೂ ಇಲ್ಲ. ಒಗಟಿನಲ್ಲಿ ಗಿಡವೂ ನಿಜ, ಹಸಿರೂ ನಿಜ, ಮೊಸರು ಮಾತ್ರ ತಪ್ಪು ಜಾಗದಲ್ಲಿದೆ. ಒಂದು ಚಿತ್ರಕ್ಕೆ ಒಂದೇ ಸುಳ್ಳು. ಉಳಿದದ್ದೆಲ್ಲ, ನೆಲ, ನೆರಳು, ಬೆಳಕಿನ ದಿಕ್ಕು, ನಿಂತ ಭಂಗಿ, ನಿಜವಿರಬೇಕು.

1912ರಲ್ಲಿ ಚಿತ್ರಕಾರ ಪಿಕಾಸೊ ಕೊಲಾಜ್ ಶುರುಮಾಡಿದ್ದೂ ಇಂಥ ಒಂದು ಸುಳ್ಳಿನಿಂದಲೇ. ಬೆತ್ತದ ಹೆಣಿಗೆಯ ವಿನ್ಯಾಸ ಅಚ್ಚಾಗಿದ್ದ ಎಣ್ಣೆಬಟ್ಟೆಯ ತುಂಡೊಂದನ್ನು ಚಿತ್ರಕ್ಕೆ ಅಂಟಿಸಿ, ಸುತ್ತ ನಿಜವಾದ ಹಗ್ಗವನ್ನೇ ಚೌಕಟ್ಟಾಗಿ ಕಟ್ಟಿದರು. ನಿಜವಾದ ಹಗ್ಗದ ಪಕ್ಕದಲ್ಲಿರುವುದರಿಂದಲೇ ಆ ಸುಳ್ಳು ಬೆತ್ತ ಕಣ್ಣಿಗೆ ಆಟವಾಡುತ್ತದೆ.

ಸುಳ್ಳು ಹೇಳುವ ದಾರಿಗಳು ಹಲವಿದ್ದರೂ ಮನೆಯ ಕಾಗದದಲ್ಲಿ ಚೆನ್ನಾಗಿ ಒದಗುವುದು ಮೂರು. ಮೊದಲನೆಯದು ಗಾತ್ರ: ಊರಿಗಿಂತ ದೊಡ್ಡ ಹಲಸಿನ ಹಣ್ಣು, ಚಹದ ಲೋಟದಲ್ಲಿ ದೋಣಿ. ಇದು ಕೆಲಸ ಮಾಡಬೇಕಾದರೆ ಪಕ್ಕದ ವಸ್ತುವಿಗಿಂತ ಕನಿಷ್ಠ ನಾಲ್ಕು ಪಟ್ಟು ವ್ಯತ್ಯಾಸ ಬೇಕು. ಒಂದೂವರೆ ಪಟ್ಟು ದೊಡ್ಡದಾದ ಹಸು ಬರೀ ಅಳತೆ ತಪ್ಪಿದಂತೆ ಕಾಣುತ್ತದೆ. ಎರಡನೆಯದು ಆಕಾರದ ಸಾಟಿ, ಇದೇ ಎಲ್ಲಕ್ಕಿಂತ ಸೊಗಸು: ದಾಸವಾಳ ಲಂಗವಾಗುವುದು, ಕೊಡೆ ಅಣಬೆಯಾಗುವುದು, ಬಾಳೆಗೊನೆ ಕೈಬೆರಳಾಗುವುದು. ಮೂರನೆಯದು ಜಾಗ: ಮೋಡದ ಮೇಲೆ ನಿಂತ ಬಸ್ ನಿಲ್ದಾಣ, ಬಾವಿಯೊಳಗೆ ತರಗತಿ. ತಲೆ ಬದಲಿಸುವುದು ಎಲ್ಲರಿಗೂ ಮೊದಲು ಹೊಳೆಯುವ ಉಪಾಯ, ಬೇಗ ಹಳಸುವುದೂ ಅದೇ. ಬದುಕಿರುವ ನೆಂಟರ, ನೆರೆಯವರ ಮುಖಕ್ಕೆ ಪ್ರಾಣಿಯ ದೇಹ ಅಂಟಿಸುವುದಂತೂ ಬೇಡ. ಆಡಿದವರಿಗೆ ಆಟ, ಕಂಡವರಿಗೆ ಅವಮಾನ.

ಮಾಡಿ ನೋಡಲು ಒಂದು: ಚಕ್ಕುಲಿ ಬಸವನಹುಳು

ಎ5 ರಟ್ಟನ್ನು ಅಡ್ಡಲಾಗಿ ಇಟ್ಟುಕೊಳ್ಳಿ. ಹಿನ್ನೆಲೆಗೆ ಅಟ್ಲಾಸಿನಲ್ಲಿ ಸಮುದ್ರ ಹೆಚ್ಚಿರುವ ಪುಟ, ನಾಲ್ಕೂ ಕಡೆ 5 ಮಿ.ಮೀ. ಹೆಚ್ಚು ಬಿಟ್ಟು ಕತ್ತರಿಸಿ. ಮೈದಾ ಅಂಟಿನಲ್ಲಿ ಅಂಟಿಸಿ, ಒಣಗಿದ ಮೇಲೆ ಹೆಚ್ಚಿನದನ್ನು ಟ್ರಿಮ್ ಮಾಡಿ. ಮೊದಲೇ ಸರಿ ಅಳತೆಗೆ ಕತ್ತರಿಸಿದರೆ ತೇವಕ್ಕೆ ಹಿಗ್ಗಿ ಒಂದು ಕಡೆ ಹೊರಬರುತ್ತದೆ. ಕಂದು ಲಕೋಟೆಯಿಂದ 45 ಮಿ.ಮೀ. ಎತ್ತರದ ಪಟ್ಟಿ ಹರಿದರೆ ಅದೇ ನೆಲ.

ಈಗ ಅಂಟು ಮುಚ್ಚಿಡಿ. ಅಂಟಿಸುವುದು ಕೊನೆಗೆ.

ತಿಂಡಿ ಜಾಹೀರಾತಿನಿಂದ 65–70 ಮಿ.ಮೀ. ಅಡ್ಡಳತೆಯ ಚಕ್ಕುಲಿ ತೆಗೆಯಿರಿ. ಚಿತ್ರ ಸಿಗದಿದ್ದರೆ ನಿಜವಾದ ಚಕ್ಕುಲಿಯನ್ನು ಮೇಲಿನಿಂದ ಫೋಟೊ ತೆಗೆದು, ಲೇಸರ್ ಪ್ರಿಂಟ್ ಹಾಕಿಸಿ. ಬಸವನಹುಳುವಿನ ಮೈಗೆ ಚರ್ಮದ ಚೀಲದ ಜಾಹೀರಾತು ಅಥವಾ ಕಂದು ಲಕೋಟೆ, 120 ಮಿ.ಮೀ. ಉದ್ದ, ನಡುವೆ 25 ಮಿ.ಮೀ. ಎತ್ತರ, ಬಾಲದ ಕಡೆ ಸಪೂರ. ನೆಲವೂ ಮೈಯೂ ಒಂದೇ ಕಂದಾದರೆ ಹುಳು ಕಾಣೆಯಾಗುತ್ತದೆ. ಎಲ್ಲ ತುಂಡು ಇಟ್ಟು ಫೋನಿನಲ್ಲಿ ಕಪ್ಪುಬಿಳುಪು ಫೋಟೊ ತೆಗೆದು ನೋಡಿ. ಬೂದು ಬಣ್ಣ ಒಂದರೊಳಗೊಂದು ಕರಗಿದ್ದರೆ ಒಂದನ್ನು ಬದಲಿಸಲೇಬೇಕು.

ಮೈಯನ್ನು ಹಾಳೆಯ ನಟ್ಟನಡುವೆ ಇಡಬೇಡಿ. ತಲೆ ಬಲಕ್ಕಿದ್ದರೆ ಬಲಗಡೆ ಸುಮಾರು 60 ಮಿ.ಮೀ. ಖಾಲಿ ಬಿಡಿ, ಅದು ಎಲ್ಲಿಗೋ ಹೊರಟಿದೆ ಅನ್ನಿಸಬೇಕು. ಚಕ್ಕುಲಿಯ ಯಾವ ಬದಿಯಲ್ಲಿ ನೆರಳಿದೆ ನೋಡಿ. ಬೆಳಕು ಎಡದಿಂದ ಬಿದ್ದಿದ್ದರೆ ಹುಳುವಿನ ನೆರಳು ಬಲಕ್ಕೆ, ನೆಲದ ಮೇಲೆ, ಮೆದು ಪೆನ್ಸಿಲಿನಲ್ಲಿ ತೆಳುವಾಗಿ. ಈ ನೆರಳಿಲ್ಲದಿದ್ದರೆ ಎಷ್ಟು ಚೆನ್ನಾಗಿ ಕತ್ತರಿಸಿದರೂ ಹುಳು ಗಾಳಿಯಲ್ಲಿ ತೇಲುತ್ತದೆ. ಕೊಲಾಜಿನಲ್ಲಿ ‘ಏನೋ ಸರಿಯಿಲ್ಲ’ ಅನ್ನಿಸುವ ಹತ್ತಕ್ಕೆ ಎಂಟು ಕಡೆ ಕಾಣೆಯಾಗಿರುವುದು ನೆರಳು.

ಕಣ್ಣಿನ ಎರಡು ಕೊಂಬುಗಳಿಗೆ ಪತ್ರಿಕೆಯ ತಲೆಬರಹದಿಂದ ಉಕಾರದ ಕೊಂಬುಗಳನ್ನೇ ಕತ್ತರಿಸಿ ಇಡಿ. ಗುರುತು ಹಿಡಿದವರು ಖಂಡಿತ ನಗುತ್ತಾರೆ.

ಎಲ್ಲ ಕೂತಿತು ಅನ್ನಿಸಿದಾಗ ಇನ್ನೊಂದು ಫೋಟೊ ತೆಗೆದುಕೊಳ್ಳಿ, ಅಂಟಿಸುವಾಗ ಜಾಗ ಮರೆಯದಿರಲು. ಹಿಂದಿನದು ಮೊದಲು, ಮುಂದಿನದು ಆಮೇಲೆ: ನೆಲ, ನೆರಳು, ಮೈ, ಚಕ್ಕುಲಿ, ಕೊಂಬು. ಮುಗಿದ ಮೇಲೆ ಬಟರ್ ಪೇಪರಿನ ನಡುವೆ ಇಟ್ಟು, ಅದರ ಎರಡೂ ಕಡೆ ಪತ್ರಿಕೆ ಹಾಳೆ ಹಾಸಿ, ಮೇಲೆ 5–6 ಕಿಲೊ ಪುಸ್ತಕ ಹೇರಿ. ಒಂದು ಗಂಟೆ ಕಳೆದ ಮೇಲೆ ಆ ಪತ್ರಿಕೆ ಹಾಳೆ ಬದಲಿಸಿ, ಇಲ್ಲದಿದ್ದರೆ ಹೀರಿಕೊಂಡ ತೇವ ಅಲ್ಲೇ ಉಳಿಯುತ್ತದೆ. ಬೇಸಿಗೆಯಲ್ಲಿ 12 ಗಂಟೆ ಸಾಕು. ಮಲೆನಾಡು, ಕರಾವಳಿಯ ಮಳೆಗಾಲದಲ್ಲಿ ಎರಡು ದಿನ ಬೇಕು. ಅರ್ಧ ಒಣಗಿದ್ದನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿದರೆ ಮೈದಾ ಅಂಟಿಗೆ ಬೂಸ್ಟು ಹಿಡಿಯುವುದು ಖಂಡಿತ.

ಅಕ್ಷರಗಳಿಗೆ ಕೊಂಬು ಕೊಡುವುದು

ಕನ್ನಡ ಲಿಪಿ ಕೊಲಾಜಿಗೆಂದೇ ಮಾಡಿದಂತಿದೆ. ಅಕ್ಷರದ ಮೇಲೆ, ಪಕ್ಕದಲ್ಲಿ, ಕೆಳಗೆ ಬಿಡಿಬಿಡಿ ಭಾಗಗಳಿವೆ, ಅವಕ್ಕೆ ತಲೆಕಟ್ಟು, ಗುಡಿಸು, ಕೊಂಬು, ಒತ್ತು ಎಂದು ಮೈಕೈಯಿರುವ ಹೆಸರುಗಳೂ ಇವೆ. ಕರಿ ಎಂದರೆ ಆನೆ. ಕಕಾರಕ್ಕೆ ಕೊಂಬು ಕೊಟ್ಟರೆ ಅದೇ ಕುರಿ! ಆನೆಯ ಚಿತ್ರಕ್ಕೆ ಟಗರಿನ ಕೊಂಬು ಅಂಟಿಸಿ, ಕೆಳಗೆ ಕತ್ತರಿಸಿದ ಅಕ್ಷರದಲ್ಲಿ ‘ಕರಿ’ ಇಟ್ಟು, ಕೊಂಬನ್ನು ಕೆಂಪು ಕಾಗದದಲ್ಲಿ ಸೇರಿಸಿ ನೋಡಿ. ಹಲ್ಲಿಗೆ ಕೊಂಬು ಬಂದರೆ ಹುಲ್ಲು: ನಗುವ ಬಾಯಿಯ ತುಂಬ ಗರಿಕೆ. ಕತೆಗೆ ತಕಾರದ ಒತ್ತು ಬಂದರೆ ಕತ್ತೆ. ಇಲಿಗೆ ಲಕಾರದ ಒತ್ತು ಬಂದರೆ ‘ಇಲ್ಲಿ’. ಬಿಲದ ಬಾಯಲ್ಲಿ ಬಾಣದ ಗುರುತು ಇಟ್ಟರೆ ಚಿತ್ರ ಮುಗಿಯಿತು.

ಅಕ್ಷರ 12–15 ಮಿ.ಮೀ. ಎತ್ತರ ಇರಲಿ, ಅಂದರೆ ಮುಖಪುಟದ ತಲೆಬರಹ. ಕೊಂಬು, ಒತ್ತುಗಳನ್ನು ಅದೇ ಪತ್ರಿಕೆಯ ಅದೇ ಗಾತ್ರದ ಅಕ್ಷರದಿಂದ ತೆಗೆಯಬೇಕು, ಇಲ್ಲವಾದರೆ ಗೆರೆಯ ದಪ್ಪ ಹೊಂದದು. ಕೊಂಬಿಗೆ ‘ತು’, ‘ದು’, ‘ಲು’ಗಳನ್ನು ಹುಡುಕಿ, ಬೇಕಾದಷ್ಟು ಸಿಗುತ್ತವೆ. ‘ಪು’, ‘ವು’ಗಳದ್ದು ಬೇಡ, ಅವುಗಳ ಕೊಂಬು ಕೆಳಗಿಳಿದಿರುತ್ತದೆ, ಕಕಾರದ ಪಕ್ಕದಲ್ಲಿ ಕೂರುವುದಿಲ್ಲ. ಸಣ್ಣ ತುಂಡನ್ನು ಬೆರಳಿನಲ್ಲಿ ಎತ್ತದೆ, ಹಲ್ಲುಕಡ್ಡಿಯ ತುದಿಗೆ ಚೂರು ಅಂಟು ತಾಗಿಸಿ ಎತ್ತಿ. ಮಗ್ಗಿ, ಕಾಗುಣಿತ ಎಂದರೆ ಓಡುವ ಮಕ್ಕಳು ಈ ಆಟಕ್ಕೆ ಗಂಟೆಗಟ್ಟಲೆ ಕೂರುತ್ತಾರೆ. ಹೊರದೇಶದಲ್ಲಿ ಬೆಳೆಯುತ್ತ ಕನ್ನಡ ಮಾತಾಡಬಲ್ಲ, ಓದಲಾರದ ಮಕ್ಕಳಿಗೂ ಅಕ್ಷರ ಹತ್ತಿರವಾಗಲು ಇದು ಒಳ್ಳೆಯ ದಾರಿ.

ಇಬ್ಬರ ಆಟ

ಬೇಕಾದದ್ದು ಒಂದು ಗಂಟೆ, ಒಂದೇ ಹಿನ್ನೆಲೆ, ಎರಡು ತಟ್ಟೆ. ಮೊದಲ 15 ನಿಮಿಷ ಇಬ್ಬರೂ ತಮ್ಮ ತಮ್ಮ ತಟ್ಟೆಗೆ 12 ತುಂಡು ಕತ್ತರಿಸಿ ಅಥವಾ ಹರಿದು ಹಾಕಿ. ಆಮೇಲೆ ತಟ್ಟೆ ಅದಲುಬದಲು. ಇಬ್ಬರಿಗೂ ತಾವು ಆರಿಸದ ತುಂಡುಗಳೇ ಸಿಗುವುದರಿಂದ, ಮೊದಲೇ ಯೋಚಿಸಿಟ್ಟ ಚಿತ್ರ ಅಲ್ಲಿಗೆ ಮರೆಯಾಗುತ್ತದೆ.

ಈಗ ಸರದಿಯಂತೆ ಒಂದೊಂದು ನಡೆ. ಒಂದು ನಡೆಯಲ್ಲಿ ಒಂದು ತುಂಡು ಇಡಬಹುದು, ಇಟ್ಟಿದ್ದನ್ನು ಸರಿಸಬಹುದು, ಇಲ್ಲವೇ ತೆಗೆಯಬಹುದು. ಮಾತಾಡುವಂತಿಲ್ಲ. ಒಬ್ಬರಿಗೆ ಆರು ನಡೆ, ಒಟ್ಟು ಹನ್ನೆರಡು. ಮಾತಿಲ್ಲದ ಈ ಕಾಲು ಗಂಟೆ ಆಟದ ಜೀವಾಳ. ಅಜ್ಜಿ ಇಟ್ಟ ಕೊಡವನ್ನು ಮೊಮ್ಮಗ ಬೋರಲು ಹಾಕಿ ಟೋಪಿ ಮಾಡುತ್ತಾನೆ. ಅಜ್ಜಿ ಅದರ ಕೆಳಗೆ ಮೀಸೆ ಇಡುತ್ತಾಳೆ. ಒಬ್ಬರ ಮನಸ್ಸು ಇನ್ನೊಬ್ಬರಿಗೆ ತಿಳಿಯುವುದು ಇಂಥ ನಡೆಗಳಲ್ಲಿ. ‘ಅದು ಅಲ್ಲಿ ಬೇಡ, ಇಲ್ಲಿಡು’ ಎಂದು ದೊಡ್ಡವರು ಬಾಯಿ ಹಾಕಿದರೆ ಮಕ್ಕಳು ಮುಂದಿನ ನಡೆಯಿಂದ ಅವರು ಮೆಚ್ಚುವಂಥದ್ದನ್ನೇ ಇಡುತ್ತಾರೆ, ಚಿತ್ರ ಸಪ್ಪೆಯಾಗುತ್ತದೆ.

ಹನ್ನೆರಡು ನಡೆ ಮುಗಿದ ಮೇಲೆ ಮಾತು. ಮೂರೇ ಪ್ರಶ್ನೆ: ಇವರು ಯಾರು? ಎಲ್ಲಿಗೆ ಹೊರಟಿದ್ದಾರೆ? ಏನು ಮರೆತುಬಂದಿದ್ದಾರೆ? ಮೂರನೆಯ ಪ್ರಶ್ನೆಯನ್ನು ಬಿಡಬೇಡಿ, ನೆನಪುಗಳು ಹೊರಬರುವುದು ಅಲ್ಲಿಂದ. ಮೀಸೆಯ ಕೊಡ ಏನೋ ಮರೆತಿದೆ ಎಂದು ಶುರುವಾದ ಮಾತು, ಹಿಂದೊಮ್ಮೆ ಮನೆಯಲ್ಲಿದ್ದ ಬಾವಿ ಹಗ್ಗದ ಕತೆಗೆ ಹೋಗಬಹುದು. ಅರ್ಥ ಏನೆಂದು ಕೇಳಬೇಡಿ. ಹಾಗೆ ಕೇಳಿದರೆ ಪರೀಕ್ಷೆ ಬರೆದಂತಾಗಿ ಎಲ್ಲರೂ ಸುಮ್ಮನಾಗುತ್ತಾರೆ. ಉತ್ತರ ಸಿಕ್ಕಿದ ಮೇಲೆ ಇಬ್ಬರೂ ಒಪ್ಪಿ ಒಂದೇ ಒಂದು ತುಂಡು ತೆಗೆಯಿರಿ, ಆಮೇಲೆ ಅಂಟಿಸಿ. ತೆಗೆಯಲು ಮನಸ್ಸೇ ಬಾರದಿದ್ದರೂ ತೆಗೆಯಿರಿ. ಹೆಚ್ಚಿನ ಕೊಲಾಜುಗಳಲ್ಲಿ ಒಂದು ತುಂಡು ಹೆಚ್ಚೇ ಇರುತ್ತದೆ.

ಮೂವರಿದ್ದರೆ ಎ4 ಹಾಳೆಯನ್ನು ಉದ್ದಕ್ಕೆ ಮೂರು ಮಡಿಕೆ ಮಾಡಿ, ಒಂದೊಂದು 99 ಮಿ.ಮೀ. ಒಬ್ಬರು ತಲೆ, ಇನ್ನೊಬ್ಬರು ನಡು, ಮತ್ತೊಬ್ಬರು ಕಾಲು, ಹಿಂದಿನವರು ಮಾಡಿದ್ದನ್ನು ನೋಡದೆ. ಮಡಿಕೆಯ ಮೇಲೆ ಕುತ್ತಿಗೆಗೆ 20 ಮಿ.ಮೀ., ಸೊಂಟಕ್ಕೆ 40 ಮಿ.ಮೀ. ಗುರುತು ಮಾತ್ರ ಮೊದಲೇ ಹಾಕಿಡಿ, ಇಲ್ಲದಿದ್ದರೆ ಬಿಚ್ಚಿದಾಗ ಮೂರು ಬೇರೆ ಬೇರೆ ಚಿತ್ರ ಸಿಗುತ್ತವೆ. ಇದಕ್ಕೆ ಅಂಟಿನ ಕಡ್ಡಿಯೇ ಆಗಬೇಕು. ಒದ್ದೆ ಅಂಟಾದರೆ ಮಡಿಕೆಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಪ್ಯಾರಿಸಿನ ಸರ್ರಿಯಲಿಸ್ಟರು, ಅಂದರೆ ಕನಸಿನಂಥ ವಿಚಿತ್ರ ಕಲ್ಪನೆಗಳ ಬೆನ್ನುಹತ್ತಿದ ಕವಿ ಕಲಾವಿದರು, 1925ರ ಹೊತ್ತಿಗೆ ಇಂಥ ಮಡಿಕೆ ಆಟವನ್ನು ಮಾತಿನಲ್ಲೂ ಗೆರೆಯಲ್ಲೂ ಆಡುತ್ತಿದ್ದರು.

ದೂರದವರ ಜೊತೆ

ಒಂದೇ ಊರಿನಲ್ಲಿ ಇಲ್ಲದವರಿಗೆ ಅಂಚೆ ಇದೆ. ಎ6 ಅಳತೆಯ (105 × 148 ಮಿ.ಮೀ.) 300 ಜಿಎಸ್‌ಎಂ ಕಾರ್ಡಿನ ಎಡಗಡೆಯ ಅರ್ಧದಲ್ಲಿ ಮಾತ್ರ ಚಿತ್ರ ಮಾಡಿ, ಯಾವುದಾದರೂ ಒಂದು ಆಕಾರವನ್ನು ನಡುಗೆರೆಯವರೆಗೆ ತಂದು ನಿಲ್ಲಿಸಿ: ಹೊರಟ ರೈಲಿನ ಅರ್ಧ, ಚಾಚಿದ ಕೈ, ಹಗ್ಗದ ತುದಿ. ಬಲಗಡೆಯನ್ನು ಖಾಲಿ ಬಿಟ್ಟು, ಅಂಟಿಸದ ಐದು ತುಂಡುಗಳನ್ನು ಸಣ್ಣ ಕಾಗದದ ಪೊಟ್ಟಣದಲ್ಲಿ ಜೊತೆಗೆ ಹಾಕಿ ಕಳಿಸಿ. ಪಡೆದವರು ಆ ಐದರಲ್ಲಿ ಮೂರನ್ನಾದರೂ ಬಳಸಬೇಕು, ತಮ್ಮ ಊರಿನ ಕಾಗದದ ಎರಡನ್ನು ಸೇರಿಸಬೇಕು. ಬರೀ ಕಾರ್ಡ್ 5 ಗ್ರಾಂ ಕೂಡ ತೂಗದು. ತುಂಡು, ಅಂಟು, ಲಕೋಟೆ ಸೇರಿದರೂ ದೇಶದೊಳಗಿನ ಪತ್ರದ ಮೊದಲ ಹಂತವಾದ 20 ಗ್ರಾಮಿನೊಳಗೇ ಇರುತ್ತದೆ. ಲಕೋಟೆ ಇಲ್ಲದೆ ಬರೀ ಕಾರ್ಡನ್ನು ಹಾಕಬೇಡಿ. ಮೊಹರಿನ ಯಂತ್ರಕ್ಕೆ ಸಿಕ್ಕಿ ತುಂಡುಗಳ ಅಂಚು ಏಳುತ್ತದೆ. ಮಿಂಚು, ಮಣಿ, ಗುಂಡಿಯಂಥ ಉಬ್ಬು ವಸ್ತುಗಳೂ ಅಂಚೆಗೆ ಬೇಡ.

ಗೋಡೆಗೆ ಹಾಕುವುದಿದ್ದರೆ ನೇರ ಬಿಸಿಲು ಬೀಳದ ಕಡೆ, ಗಾಜಿನ ಚೌಕಟ್ಟಿನಲ್ಲಿ. ಗಾಜಿಗೂ ಕಾಗದಕ್ಕೂ ನಡುವೆ 3 ಮಿ.ಮೀ. ಅಂತರ ಬರುವಂತೆ ಸುತ್ತ ರಟ್ಟಿನ ಪಟ್ಟಿ ಇಡಲು ಚೌಕಟ್ಟು ಹಾಕುವವರಿಗೆ ಹೇಳಿ, ಇಲ್ಲದಿದ್ದರೆ ಮಳೆಗಾಲದಲ್ಲಿ ಹೊಳಪು ಕಾಗದ ಗಾಜಿಗೇ ಅಂಟುತ್ತದೆ. ಮೇಲೆ ಬಿಳಿ ಅಂಟಿನ ಲೇಪ ಕೊಡುವ ರೂಢಿ ಇದೆ, ಆದರೆ ದಿನಪತ್ರಿಕೆಯ ಮಸಿ ಅದಕ್ಕೆ ಕದಡುತ್ತದೆ, ಲೇಪವೂ ಸೆಕೆಗೆ ಜಿಗುಟಾಗುತ್ತದೆ. ಲೇಪ ಬೇಡ.

ಹಿಂಬದಿಯಲ್ಲಿ ಪೆನ್ಸಿಲಿನಿಂದ ತಾರೀಖು, ಇಬ್ಬರ ಹೆಸರು, ಚಿತ್ರಕ್ಕಿಟ್ಟ ಹೆಸರು ಬರೆಯಿರಿ. ಅದರ ಕೆಳಗೆ ಯಾವ ತುಂಡು ಎಲ್ಲಿಂದ ಬಂತು ಎಂದೂ ಬರೆಯಿರಿ: ನೆಲ ವಿದ್ಯುತ್ ಬಿಲ್ಲಿನ ಲಕೋಟೆಯದ್ದು, ಸಮುದ್ರ ಅಕ್ಕನ ಅಟ್ಲಾಸಿನದ್ದು, ಚಕ್ಕುಲಿ ಗೋಕುಲಾಷ್ಟಮಿಯದ್ದು.